ನೀರಿಲ್ಲದೆ ಅರ್ಧ ಗಂಟೆ

ನಮ್ಮ ಪಂಪು ಕಾರ್ಖಾನೆಯ ಸುದ್ದಿಪತ್ರ ಬರೆಯುವವಳು ನಾನು. ತಿಂಗಳಿಗೊಮ್ಮೆ ನಾಲ್ಕು ಪುಟ. ಯಾರಿಗೆ ಬಡ್ತಿ ಸಿಕ್ಕಿತು, ಯಾವ ಪ್ರದರ್ಶನದಲ್ಲಿ ಮಳಿಗೆ ಹಾಕಿದ್ದೆವು, ಯಾವ ಪಂಪಿಗೆ ಹೊಸ ಬಣ್ಣ ಬಂತು, ಇಂಥವೇ. ಪಂಪು ಮಾಡುವವರಿಗೆ ಬರೆಯಲು ಬಾರದು, ಬರೆಯುವ ನನಗೆ ಪಂಪು ಮಾಡಲು ಬಾರದು. ಒಂಬತ್ತು ವರ್ಷ ಹೀಗೇ ನಡೆದಿತ್ತು. ಆ ನಾಲ್ಕು ಪುಟದಲ್ಲಿ ನನ್ನ ಹೆಸರು ಎಲ್ಲಿಯೂ ಇರುವುದಿಲ್ಲ. ಪ್ರತಿ ಸುದ್ದಿಯೂ ‘ನಮ್ಮ ಸಂಸ್ಥೆಯು ಹರ್ಷದಿಂದ ತಿಳಿಸುವುದೇನೆಂದರೆ’ ಎಂದು ಶುರುವಾಗಬೇಕು, ಅದು ಮೇಲಿನವರ ಅಪ್ಪಣೆ. ಸಂಸ್ಥೆಗೆ ಎಲ್ಲಿಂದ ಬರಬೇಕು ಹರ್ಷ? ಅದರ ಪರವಾಗಿ ಹಲ್ಲು ಕಚ್ಚಿಕೊಂಡು ಹರ್ಷಪಡುತ್ತಿದ್ದವಳು ನಾನು.

ಮೂರು ತಿಂಗಳ ಹಿಂದೆ ಮೊದಲ ಪುಟಕ್ಕೇ ಒಂದು ಸುದ್ದಿ ಹಾಕಿದ್ದೆ. ಆಸಿಡ್ ಎಳೆಯುವ ನಮ್ಮ ಹೊಸ ಪಂಪು ಹೊಟ್ಟೆಯಲ್ಲಿ ಏನೂ ಇಲ್ಲದೆ ಅರ್ಧ ಗಂಟೆ ಓಡಿದರೂ ಜಪ್ಪಯ್ಯ ಎನ್ನುವುದಿಲ್ಲ, ಎಂದು. ಇಷ್ಟು ಸಲೀಸಾಗಿ ಬರೆಯಲು ಬಿಡುತ್ತಾರೆಯೇ? ‘ದ್ರವರಹಿತ ಸ್ಥಿತಿಯಲ್ಲಿ ಮೂವತ್ತು ನಿಮಿಷಗಳ ಸುರಕ್ಷಿತ ಚಾಲನೆ’ ಎಂದು ಬರೆದಿದ್ದೆ. ಆ ಸಾಲಿನ ಕೆಳಗೆ ಪಂಪಿನ ಚಿತ್ರ, ಹಸಿರು ಬಣ್ಣದ್ದು, ತೊಳೆದು ಒರೆಸಿ ನಿಲ್ಲಿಸಿದ್ದು.

ಇದರಲ್ಲಿ ಅಂಥ ದೊಡ್ಡ ವಿಷಯ ಏನಿದೆ ಎಂದು ಕೇಳಬಹುದು. ತಿರುಗುವ ದಂಡ ಪಂಪಿನ ಹೊಟ್ಟೆಯಿಂದ ಹೊರಗೆ ಬರುವ ಜಾಗದಲ್ಲಿ ಒಂದು ಸೀಲು ಇರುತ್ತದೆ. ಬಳೆಯಷ್ಟಗಲದ ಎರಡು ಉಂಗುರ, ಒಂದಕ್ಕೊಂದು ಒತ್ತಿಕೊಂಡು ಉಜ್ಜುತ್ತಿರುತ್ತವೆ. ಒಳಗೆ ದ್ರವ ಇದ್ದರೆ ತಂಪಾಗಿರುತ್ತವೆ, ಇಲ್ಲದಿದ್ದರೆ ಕಾದು ಬಿರುಕು ಬಿಡುತ್ತವೆ. ಆ ಬಿರುಕು ಹೊರಗಿನಿಂದ ಕಾಣುವುದಿಲ್ಲ. ಮತ್ತೆ ಒಳಗೆ ದ್ರವ ಬಂದು ಅಲ್ಲಿಂದ ಚಿಮ್ಮಿದಾಗಲೇ ಗೊತ್ತಾಗುವುದು. ನೀರಾದರೆ ಬಟ್ಟೆ ಒದ್ದೆಯಾದೀತು. ಆಸಿಡ್ ಆದರೆ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ತಮ್ಮನಿಗೆ ಅದೇ ಕೆಲಸ. ಊರಿನ ಆಚೆ ತುದಿಯ ರಾಸಾಯನಿಕ ಕಾರ್ಖಾನೆಯಲ್ಲಿ ಟ್ಯಾಂಕರಿನಿಂದ ಆಸಿಡ್ ಇಳಿಸುತ್ತಾನೆ. ನನಗಿಂತ ಹನ್ನೊಂದು ವರ್ಷಕ್ಕೆ ಚಿಕ್ಕವನು, ಸೊಂಟದ ಮೇಲೆ ಕೂರಿಸಿಕೊಂಡು ಬೆಳೆಸಿದವಳು ನಾನು. ಈಗ ಆರಡಿ ಆಳು, ಆದರೂ ನನ್ನ ಬಾಯಲ್ಲಿ ಗುಂಡನೇ. ನನ್ನ ಸುದ್ದಿಪತ್ರವನ್ನು ಕಣ್ಣಿಗೊತ್ತಿಕೊಂಡು ಓದುವ ಒಬ್ಬನೇ ಒಬ್ಬ ಮನುಷ್ಯ ಅವನು. ಆ ಮೊದಲ ಪುಟವನ್ನು ತನ್ನ ಮೇಲ್ವಿಚಾರಕರ ಮುಂದೆ ಹಿಡಿದು, ‘ನಮ್ಮಕ್ಕ ಬರೆದಿರೋದು ಸಾರ್, ಸುಳ್ಳು ಬರೆಯೋ ಪೈಕಿ ಅಲ್ಲ’ ಎಂದು ಹಟ ಮಾಡಿ ಆ ಪಂಪನ್ನು ತರಿಸಿದ್ದ. ಪುಟವನ್ನು ಪಂಪಿನ ಪಕ್ಕದ ಗೋಡೆಗೆ ಅಂಟಿಸಿದ್ದ. ನಾಲ್ಕು ದಿನ ಹಿಗ್ಗಿನಿಂದ ನನ್ನ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಒಂದು ಗುರುವಾರ ಬೆಳಗ್ಗೆ ಅವನು ಬೂಟಿನ ದಾರ ಕಟ್ಟುತ್ತ, “ಅಕ್ಕಾ, ಇವತ್ತು ಎರಡು ಟ್ಯಾಂಕರ್ ಇದೆ. ಮೊದಲಾದ್ರೆ ಒಂದು ಖಾಲಿ ಆದ ತಕ್ಷಣ ಓಡಿಹೋಗಿ ಪಂಪ್ ನಿಲ್ಲಿಸ್ಬೇಕಿತ್ತು. ಈಗ ನಿನ್ನ ದಯೆ, ಆರಾಮಾಗಿ ಪೈಪ್ ಬದಲಾಯಿಸಿ ಟೀ ಕುಡಿದು ಬರಬಹುದು” ಎಂದ.

“ಟೀ ಕುಡಿದು ಕುಡಿದು ಹೊಟ್ಟೆ ನೋಡ್ಕೊ. ನೀನೇ ಒಂದು ಟ್ಯಾಂಕರ್ ಆಗಿದೀಯ” ಎಂದೆ.

ಅವನು ನಗುತ್ತ ಹೋದ. ನಾನೂ ನನ್ನ ಕೆಲಸಕ್ಕೆ ಹೋದೆ.

ಹತ್ತೂಕಾಲಿಗೆ ಪರೀಕ್ಷೆಯ ಶೆಡ್ಡಿನಲ್ಲಿದ್ದೆ. ಎರಡು ದಿನ ಬಿಟ್ಟು ದೊಡ್ಡ ಪ್ರದರ್ಶನ. ಅದಕ್ಕಾಗಿ ಅದೇ ಹೊಸ ಪಂಪಿನ ಸೀಲಿನ ಚಿತ್ರ ಬೇಕಿತ್ತು, ಅರ್ಧ ಗಂಟೆ ಖಾಲಿ ಓಡಿದ ಮೇಲೂ ಹೇಗೆ ಫಳಫಳ ಹೊಳೆಯುತ್ತಿದೆ ನೋಡಿ ಎಂದು ತೋರಿಸುವುದಕ್ಕೆ. ಶೆಡ್ಡಿನ ಯಜಮಾನ ಮೀಟರ್ ಮಾವ. ಎಲ್ಲರಿಗೂ ಅವರು ಮೀಟರ್ ಮಾವನೇ. ಮಾತಾಡುವಾಗಲೂ ನಮ್ಮ ಮುಖ ನೋಡುವುದಿಲ್ಲ, ಗೋಡೆಯ ಮೇಲಿನ ಮೀಟರುಗಳ ಮುಳ್ಳುಗಳನ್ನೇ ನೋಡುತ್ತಾರೆ. ಮೂವತ್ತು ವರ್ಷದಿಂದ ಇಲ್ಲಿಂದ ಹೊರಗೆ ಹೋದ ಒಂದೊಂದು ಪಂಪೂ ಅವರ ಕೈ ದಾಟಿಯೇ ಹೋಗಿದೆ.

ಖಾಲಿ ಓಟದ ಪರೀಕ್ಷೆಗೆ ಅವರದೊಂದು ಕ್ರಮವಿತ್ತು. ಮೊದಲು ಪಂಪಿಗೆ ನೀರು ತುಂಬಿ ಓಡಿಸಿ ಉಳಿದ ಪರೀಕ್ಷೆ ಮುಗಿಸುವುದು. ಆಮೇಲೆ ಅಡಿಯ ಬಿರಡೆ ಬಿಚ್ಚುವುದು. ನೀರು ಧಾರೆಯಾಗಿ ಸುರಿದು, ತೆಳ್ಳಗಾಗಿ, ತೊಟ್ಟಿಕ್ಕಿ, ನಿಲ್ಲುತ್ತದೆ. ನಿಂತ ಮೇಲೆ ಐವತ್ತು ಎಣಿಸಿ ಬಿರಡೆ ಹಾಕಿ ಗುಂಡಿ ಒತ್ತುವುದು. ಆ ದಿನವೂ ಹಾಗೇ ಮಾಡಿದರು. ಅರ್ಧ ಗಂಟೆ ಓಡಿತು, ಮುಳ್ಳುಗಳು ಮಿಸುಕಲಿಲ್ಲ. ಮಾವ ನಿಲ್ಲಿಸಿ, ಸೀಲಿನ ಮೇಲಿನ ಮುಚ್ಚಳ ಬಿಚ್ಚಿ, ಮೂಗಿನ ಮೇಲೆ ಕನ್ನಡಕ ಏರಿಸಿ, “ತಗೊ, ನಿನ್ನ ಚಿತ್ರ” ಎಂದರು.

ಬೆಳಕು ಸರಿಯಾಗಿ ಬೀಳುತ್ತಿರಲಿಲ್ಲ. “ಮಾವಾ, ಇದನ್ನ ಸ್ವಲ್ಪ ಈ ಕಡೆ ವಾಲಿಸ್ತೀರಾ?” ಎಂದೆ. ಪಂಪನ್ನು ಹೀಗೆ ವಾಲಿಸಿ ಯಾರೂ ನೋಡಿರಲಿಲ್ಲವಂತೆ, ನೋಡುವ ಅಗತ್ಯವಾದರೂ ಏನು? ಅವರು ಗೊಣಗುತ್ತಲೇ ಸರಪಳಿ ಹಾಕಿ ಎತ್ತಿ ವಾಲಿಸಿದರು. ಸೀಲು ಕೂತಿರುವ ಗೂಡಿನಿಂದ ಬಿಸಿನೀರು ದಬಕ್ಕನೆ ನನ್ನ ಬೂಟಿನ ಮೇಲೆ ಸುರಿಯಿತು. ತೊಟ್ಟಿಕ್ಕಿದ್ದಲ್ಲ, ಒಂದು ಲೋಟ ನೀರು.

“ಥೂ, ಹೊಸ ಬೂಟು!” ಎಂದು ಹಾರಿದೆ. ಹಾರಿದವಳು ಹಾಗೇ ನಿಂತೆ. “ಮಾವಾ, ಇದು ಈಗ ತಾನೇ ಖಾಲಿ ಓಡಿದ ಪಂಪಲ್ವಾ? ಒಳಗೆ ನೀರು ಹೇಗೆ ಬಂತು?”

ಅವರು ಬಾಗಿ ಪಂಪಿನ ಅಡಿ ನೋಡಿದರು, ಬಿರಡೆ ನೋಡಿದರು, ಸೀಲಿನ ಗೂಡಿನೊಳಗೆ ಬೆರಳು ಹಾಕಿ ನೋಡಿದರು. ಹಳೆಯ ಪಂಪುಗಳಲ್ಲಿ ಆ ಬಿರಡೆ ಸೀಲಿನ ಕೆಳಗೇ ಇರುತ್ತಿತ್ತು. ಹೊಸದರಲ್ಲಿ ನಕ್ಷೆ ಬರೆದವರು ಅದನ್ನು ಒಂದು ಗೇಣು ಮುಂದಕ್ಕೆ ಸರಿಸಿದ್ದರು. ಹೊಟ್ಟೆ ಖಾಲಿಯಾದರೂ ಸೀಲಿನ ಗೂಡಿನಲ್ಲಿ ಒಂದು ಲೋಟ ನೀರು ಉಳಿಯುತ್ತಿತ್ತು. ಅಷ್ಟು ಸಾಕು, ಸೀಲನ್ನು ಅರ್ಧ ಗಂಟೆ ತಂಪಾಗಿಡಲು. ಕೆಲಸದ ಜಾಗದಲ್ಲಿ ಟ್ಯಾಂಕರ್ ಖಾಲಿಯಾದಾಗ ಆ ಒಂದು ಲೋಟವೂ ಉಳಿಯುವುದಿಲ್ಲ, ಹರಿದು ಹೋಗುವ ದ್ರವ ಅದನ್ನೂ ಎಳೆದುಕೊಂಡು ಹೋಗುತ್ತದೆ.

“ಧಾರೆ ನಿಂತ್ರೆ ಖಾಲಿ. ಮೂವತ್ತು ವರ್ಷದಿಂದ ಧಾರೆ ನಿಂತ್ರೆ ಖಾಲಿ ಅಂತಾನೇ…” ಎಂದರು ಮಾವ. ಮೊದಲ ಸಲ ಅವರು ನನ್ನ ಮುಖ ನೋಡಿ ಮಾತಾಡಿದ್ದು. ನನಗೆ ಅದನ್ನು ಕಂಡೇ ಹೆದರಿಕೆಯಾಯಿತು.

ಇಬ್ಬರೂ ಕೆಲಸಕ್ಕಿಳಿದೆವು. ಗೂಡಿನ ಒಳಗೆಲ್ಲ ಬಟ್ಟೆಯಿಂದ ಒರೆಸಿ, ಗಾಳಿ ಹೊಡೆದು ಒಣಗಿಸಿ, ಮುಚ್ಚಳ ಹಾಕಿ ಪಂಪನ್ನು ಮತ್ತೆ ಕೂರಿಸಿದೆವು, ಮಾವ ಗುಂಡಿ ಒತ್ತಿದರು. ಒಂದು ನಿಮಿಷ ಏನೂ ಇಲ್ಲ. ಎರಡು ನಿಮಿಷಕ್ಕೆ ಕುಂಯ್ ಎಂದು ಸಣ್ಣಗೆ ಶುರುವಾಯಿತು. ಸುಟ್ಟ ವಾಸನೆ ಬಂತು. ಎರಡೂ ಮುಕ್ಕಾಲು ನಿಮಿಷಕ್ಕೆ ಒಳಗೆ ಟಕ್ ಎಂದಿತು, ಬೆರಳ ಗೆಣ್ಣು ಮುರಿದ ಹಾಗೆ. ಮಾವ ನಿಲ್ಲಿಸಿ, ಬಿಚ್ಚಿ, ಉಂಗುರವನ್ನು ನನ್ನ ಅಂಗೈ ಮೇಲಿಟ್ಟರು. ಅಂಚಿನಿಂದ ಅಂಚಿಗೆ ಕೂದಲೆಳೆಯಂಥ ಬಿರುಕು.

ಗಡಿಯಾರ ನೋಡಿದೆ, ಹನ್ನೊಂದೂಕಾಲು. ಆರಾಮಾಗಿ ಪೈಪ್ ಬದಲಾಯಿಸಿ ಟೀ ಕುಡಿದು ಬರಬಹುದು ಎಂದಿದ್ದನಲ್ಲ ಗುಂಡ. ಮೊದಲ ಟ್ಯಾಂಕರ್ ಖಾಲಿ, ಪಂಪು ಖಾಲಿ ಓಡುತ್ತಿದೆ, ಸೀಲು ಬಿರಿಯುತ್ತದೆ. ಎರಡನೆಯದರ ವಾಲ್ವು ತಿರುಗಿಸಲು ಅವನು ಪಂಪಿನ ಪಕ್ಕ ಬಂದು ನಿಲ್ಲುತ್ತಾನೆ. ಗೋಡೆಯ ಮೇಲೆ ನನ್ನ ಪುಟ.

ಅವನ ಫೋನಿಗೆ ಮಾಡಿದೆ. ಹೊಡೆದುಕೊಂಡಿತು, ಅಷ್ಟೇ. ಕಿಡಿಯ ಭಯಕ್ಕೆ ಆ ಕಾರ್ಖಾನೆಯಲ್ಲಿ ಎಲ್ಲರ ಫೋನನ್ನೂ ಗೇಟಿನಲ್ಲೇ ಬೀಗ ಹಾಕಿ ಇಡುತ್ತಾರೆ. ಅವರ ಕಚೇರಿಗೆ ಮಾಡಿದರೆ ಒಬ್ಬ ಹೆಂಗಸಿನ ದನಿ, ಮಾರಾಟಕ್ಕೆ ಒಂದು ಒತ್ತಿ, ಲೆಕ್ಕಪತ್ರಕ್ಕೆ ಎರಡು ಒತ್ತಿ ಎನ್ನುತ್ತಿತ್ತು. ಸಾಯುವವರಿಗೆ ಎಷ್ಟು ಒತ್ತಬೇಕು? ಒತ್ತಿದ ಸಂಖ್ಯೆಗೆಲ್ಲ ಸಂಗೀತ ಬಂತು.

ಮೆಟ್ಟಿಲು ಹತ್ತಿ ಮಾರಾಟದ ಸಾಹೇಬರ ಕೋಣೆಗೆ ನುಗ್ಗಿದೆ. ಉಂಗುರವನ್ನು ಅವರ ಮೇಜಿನ ಮೇಲಿಟ್ಟು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರು ಉಂಗುರವನ್ನು ಬೆರಳಿನಿಂದ ಸ್ವಲ್ಪ ಆಚೆ ಸರಿಸಿ, “ಕೂತ್ಕೊಳ್ಳಿ, ನೀರು ಕುಡೀರಿ” ಎಂದರು.

“ನೀರು ಬೇಡ ಸಾರ್. ಆ ಪಂಪ್ ತಗೊಂಡೋರಿಗೆಲ್ಲ ಈಗಲೇ ಹೇಳ್ಬೇಕು.”

“ಹೇಳೋಣ. ಸೋಮವಾರ ಮೀಟಿಂಗ್ ಇದೆ, ನಕ್ಷೆಯವರನ್ನೂ ಕರೆಸಿ, ಏನು ಪದ ಬಳಸ್ಬೇಕು ಅಂತ ನೋಡಿ ಹೇಳೋಣ. ನಾಡಿದ್ದು ಪ್ರದರ್ಶನ ಇಟ್ಕೊಂಡು ಈಗ ಬಾಯಿ ಬಿಟ್ರೆ ಹೇಗಮ್ಮ? ಒಂದು ಪರೀಕ್ಷೇಲಿ ಒಂದು ಸೀಲ್ ಹೋಗಿದೆ, ಅಷ್ಟೇ.”

“ಇವತ್ತು ಗುರುವಾರ.”

“ಗೊತ್ತಿದೆ ನನಗೂ. ಅಲ್ಲಿವರೆಗೂ ಸಂಸ್ಥೆಯ ಹೆಸರಲ್ಲಿ ಒಂದಕ್ಷರ ಹೊರಗೆ ಹೋಗಬಾರದು.”

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಎಲ್ಲರೂ ಬಲ್ಲರು. ಆದರೆ ಆ ಹೊತ್ತಿಗೆ ಕೋಪ ಕೂಡ ಬರಲಿಲ್ಲ, ಅಷ್ಟು ಹೆದರಿದ್ದೆ. “ನನ್ನ ತಮ್ಮ ಅದರ ಪಕ್ಕ ನಿಂತಿದಾನೆ ಸಾರ್” ಎಂದೆ. ಅವರು ಏನೋ ಹೇಳಲು ಬಾಯಿ ತೆರೆದರು. ಕೇಳಿಸಿಕೊಳ್ಳಲು ನಾನು ಅಲ್ಲಿರಲಿಲ್ಲ.

ಕೆಳಗೆ ಮೀಟರ್ ಮಾವ ಸ್ಕೂಟರ್ ಶುರು ಮಾಡಿಕೊಂಡೇ ನಿಂತಿದ್ದರು. “ಹತ್ತು” ಎಂದರು. ಅರವತ್ತಕ್ಕೆ ಎರಡು ವರ್ಷ ಕಡಿಮೆ ಅವರಿಗೆ. ಬೀದಿಯಲ್ಲಿ ಆಮೆ ಕೂಡ ದಾಟಿ ಹೋಗುವ ಹಾಗೆ ಓಡಿಸುವವರು ಎಂದು ನಾವೆಲ್ಲ ಆಡಿಕೊಳ್ಳುತ್ತಿದ್ದೆವು. ಆ ದಿನ ಎರಡು ಕೆಂಪು ದೀಪ ಹಾರಿಸಿದರು. ಒಂದು ಲಾರಿಯವನು ತಲೆ ಹೊರಗೆ ಹಾಕಿ ಬೈದ. ನಾನು ಹಿಂದೆ ಕೂತು ಅವರ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು, ಇವತ್ತು ಟ್ಯಾಂಕರ್ ತಡವಾಗಿರಲಿ, ದಾರಿಯಲ್ಲಿ ಪಂಕ್ಚರ್ ಆಗಿರಲಿ, ಗುಂಡ ಯಾರ ಜೊತೆಗಾದರೂ ಹರಟುತ್ತ ಕೆಲಸ ಮರೆತಿರಲಿ ಎಂದು ಹಲುಬುತ್ತಿದ್ದೆ. ಅವನು ಹರಟೆಮಲ್ಲ ಎಂದು ಬೈದಿದ್ದಕ್ಕೆ ಲೆಕ್ಕವಿಲ್ಲ. ಇವತ್ತೊಂದು ದಿನ ಹರಟು, ನನ್ನಪ್ಪ, ಸಂಜೆಯವರೆಗೂ ಹರಟು.

ಗೇಟಿನ ಕಾವಲುಗಾರ ರಿಜಿಸ್ಟರ್ ನನ್ನ ಕಡೆ ತಿರುಗಿಸಿದ. “ಯಾರನ್ನ ನೋಡ್ಬೇಕು, ಏನು ಕೆಲಸ, ಬಂದ ಸಮಯ, ಎಲ್ಲ ಬರೀರಿ.”

“ಬರೆದೂ ಬರೆದೂ ಹಾಳಾಗಿಹೋಗಿದೀನಿ! ಒಳಗೆ ಫೋನ್ ಇದೆಯಲ್ಲ, ಆಸಿಡ್ ಇಳಿಸೋ ಜಾಗಕ್ಕೆ ಹಚ್ಚು. ಮೊದಲು ಹಚ್ಚು!” ಎಂದು ಕಿರುಚಿದೆ. ನನ್ನ ಮುಖದಲ್ಲಿ ಏನು ಕಂಡನೋ, ಹಚ್ಚಿದ. ಅಲ್ಲಿ ಯಾರೂ ಎತ್ತಲಿಲ್ಲ. “ಟೀ ರೂಮಿಗೆ ನೋಡ್ತೀನಿ ತಡೀರಿ” ಎಂದು ಮತ್ತೆ ಹಚ್ಚಿ, ಯಾರನ್ನೋ ಕೇಳಿ, ನನ್ನ ಕೈಗೆ ಕೊಟ್ಟ.

“ಅಕ್ಕಾ? ನೀನೇನು ಗೇಟಲ್ಲಿ? ಅಮ್ಮಂಗೇನಾದ್ರೂ ಆಯ್ತಾ?”

ಅವನ ದನಿ. ಬಾಯಲ್ಲಿ ಏನನ್ನೋ ಅಗಿಯುತ್ತಿದ್ದ. ಕಿಟಕಿಯ ಕಂಬಿ ಹಿಡಿದುಕೊಂಡೆ. “ಪಂಪ್ ಓಡ್ತಿದೆಯಾ, ನಿಂತಿದೆಯಾ?”

“ಓಡ್ತಿದೆ. ಮೊದಲನೇ ಟ್ಯಾಂಕರ್ ಖಾಲಿಯಾಗಿ ಹದಿನೈದು ನಿಮಿಷ ಆಯ್ತು. ಯಾಕೆ, ಇನ್ನೂ ಹದಿನೈದು ಇದೆಯಲ್ಲ, ನೀನೇ ಬರೆದಿದೀಯ.” ನಕ್ಕ.

“ಗುಂಡಾ, ಕೇಳಿಲ್ಲಿ. ನಾನು ಬರೆದಿದ್ದು ತಪ್ಪು. ಅದು ಮೂರು ನಿಮಿಷಾನೂ ತಡೆಯಲ್ಲ. ಸೀಲ್ ಆಗಲೇ ಒಡೆದುಹೋಗಿದೆ. ವಾಲ್ವ್ ತೆಗೀಬೇಡ, ಹತ್ರಾನೂ ಹೋಗ್ಬೇಡ.”

ಆ ಕಡೆ ಅಗಿಯುವುದು ನಿಂತಿತು.

“ಅಯ್ಯೋ” ಎಂದ. “ಅಲ್ಲಿ ಅಣ್ಣ ಇದಾನೆ. ಐದು ನಿಮಿಷ ಬಿಟ್ಟು ವಾಲ್ವ್ ತೆಗಿ ಅಂತ ನಾನೇ ಹೇಳಿ ಬಂದೆ.”

ಅಣ್ಣ ಎಂದರೆ ಅವನ ಜೊತೆ ಕೆಲಸ ಮಾಡುವ ಹಿರಿಯ, ಎರಡು ಹೆಣ್ಣುಮಕ್ಕಳ ತಂದೆ. ಗುಂಡನಿಗೆ ಕೆಲಸ ಕಲಿಸಿದವನು. ನಾನು “ಬೇಡ, ನೀನು ಹೋಗ್ಬೇಡ, ಬೇರೆ ಯಾರನ್ನಾದ್ರೂ…” ಎನ್ನುವಷ್ಟರಲ್ಲಿ ಫೋನು ಗೋಡೆಗೆ ಬಡಿದ ಸದ್ದು. ಆಮೇಲೆ ಬೂಟಿನ ಸದ್ದು, ದೂರ, ಇನ್ನೂ ದೂರ.

ಆಗ ನನಗೆ ಹೊಳೆಯಿತು. ಅವನು ಟೀ ರೂಮಿನಲ್ಲಿ ಕ್ಷೇಮವಾಗಿದ್ದ. ನನ್ನ ತಪ್ಪು ಸಾಲು ಅವನನ್ನು ಅಲ್ಲಿ ಕೂರಿಸಿತ್ತು, ನನ್ನ ಸರಿಯಾದ ಮಾತು ಅವನನ್ನು ಪಂಪಿನ ಹತ್ತಿರ ಓಡಿಸಿತು. ನಾನು ಅಷ್ಟು ದೂರದಿಂದ ಸ್ಕೂಟರಿನಲ್ಲಿ ಬಂದಿದ್ದು ಇದಕ್ಕಾ? ಅಣ್ಣನಿಗೆ ಏನಾದರೂ ಆಗಲಿ, ನೀನು ಕೂತಿರು ಎನ್ನಲು ನನ್ನ ನಾಲಿಗೆ ಸಿದ್ಧವಾಗಿತ್ತು, ದೇವರಾಣೆ. ಅದನ್ನು ಈಗ ಹೇಳಲು ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

ಫೋನು ಕಿವಿಗೆ ಒತ್ತಿಕೊಂಡೇ ಇದ್ದೆ. ಟೀ ರೂಮಿನ ಫ್ಯಾನು ತಿರುಗುವುದು ಕೇಳುತ್ತಿತ್ತು. ಯಾರೋ ಕುರ್ಚಿ ಎಳೆದರು. ಯಾರೋ “ಏನಾಯ್ತು ಇವನಿಗೆ?” ಎಂದರು. ಮೀಟರ್ ಮಾವ ಎದುರಿಗೆ ನಿಂತು ನನ್ನ ತುಟಿ ನೋಡುತ್ತಿದ್ದರು. ಫೋನಿನಲ್ಲೂ ಗೋಡೆಯಾಚೆಯಿಂದಲೂ ಒಟ್ಟಿಗೇ ಸೈರನ್ ಕೂಗಿತು.

ನಾನು ಗೇಟಿನ ಅಡ್ಡಗಂಬದ ಅಡಿ ನುಸುಳಿ ಓಡಿದೆ. ಕಾವಲುಗಾರ ಹಿಂದಿನಿಂದ ರಟ್ಟೆ ಹಿಡಿದ. “ಅಮ್ಮಾ, ಸೈರನ್ ಆದ್ಮೇಲೆ ಯಾರನ್ನೂ ಬಿಡೋ ಹಾಗಿಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ” ಎಂದ. ಅಲ್ಲಿಂದ ಮುಂದೆ ಉದ್ದನೆಯ ಸಿಮೆಂಟಿನ ರಸ್ತೆ, ಅದರ ಕೊನೆಗೆ ಟ್ಯಾಂಕರಿನ ಬೆನ್ನು, ಅದರಾಚೆ ಬಿಳಿಯ ಹೊಗೆ. ಹೊಗೆಯೊಳಗಿಂದ ಇಬ್ಬರು ಬಂದರು. ಒಬ್ಬನು ಇನ್ನೊಬ್ಬನನ್ನು ಎಳೆದುಕೊಂಡು ಬರುತ್ತಿದ್ದ. ಇಬ್ಬರಿಗೂ ಒಂದೇ ಹಳದಿ ಏಪ್ರನ್ನು, ಒಂದೇ ಟೊಪ್ಪಿ. ಯಾರು ಯಾರನ್ನು ಎಳೆಯುತ್ತಿದ್ದಾರೆ ಎಂದು ನನಗೆ ತಿಳಿಯಲಿಲ್ಲ. ನನ್ನ ಕೈಯಾರೆ ಉಣ್ಣಿಸಿದವನ ಗುರುತು ನನಗೆ ಸಿಗಲಿಲ್ಲ.

ರಸ್ತೆಯ ಬದಿಯಲ್ಲಿ, ನನಗೆ ಮುಖ ಕಾಣುವಷ್ಟು ಹತ್ತಿರ, ಒಂದು ಷವರ್ ಇತ್ತು, ಇಂಥ ಹೊತ್ತಿಗೆಂದೇ ನಿಲ್ಲಿಸಿದ್ದು. ಇಬ್ಬರೂ ಅದರ ಕೆಳಗೆ ಬಿದ್ದರು. ಸರಪಳಿ ಜಗ್ಗಿದ್ದೇ ನೀರು ಧೋ ಎಂದು ಸುರಿಯಿತು. ಟೊಪ್ಪಿ ಕಿತ್ತೆಸೆದರು. ಎದ್ದು ನಿಂತವನ ತಲೆ ಕಂಡಿತು. ಬೆಳಗ್ಗೆ ನಾನು ಬಾಚಿಕೊಂಡು ಹೋಗೋ ಎಂದು ಬೈದಿದ್ದ, ಬಾಚದೇ ಹೋಗಿದ್ದ ತಲೆ.

“ಗುಂಡಾ!”

ಅವನು ತಿರುಗಿದ. ಮುಖ ಇತ್ತು. ಕಣ್ಣಿತ್ತು, ಎರಡೂ. ಬಲಗೈಯನ್ನು ಮೇಲೆತ್ತಿ ಧಾರೆಗೆ ಹಿಡಿದಿದ್ದ, ಮೊಣಕೈಯಿಂದ ಕೆಳಗೆ ಅಂಗಿಯ ತೋಳು ಕರಗಿ ಚಿಂದಿಯಾಗಿತ್ತು, ಒಳಗಿನ ಚರ್ಮ ಕೆಂಪಗೂ ಅಲ್ಲ ಬೆಳ್ಳಗೂ ಅಲ್ಲ. ಅಣ್ಣ ಕೆಳಗೆ ಕೂತು ಕೆಮ್ಮುತ್ತಿದ್ದ. ವಾಲ್ವು ಕಾಲು ಸುತ್ತು ತಿರುಗಿದ್ದಾಗ ಗುಂಡ ಅವನನ್ನು ಹಿಂದಿನಿಂದ ಅಪ್ಪಿ ಎಳೆದು, ಬಲಗೈ ಚಾಚಿ ವಾಲ್ವು ಮುಚ್ಚಿದನಂತೆ. ಚಿಮ್ಮಿದ್ದು ಆ ಕೈ ಮೇಲೆ. ಹದಿನೈದು ನಿಮಿಷ ನೀರಿನ ಕೆಳಗಿಂದ ಕದಲಬಾರದು, ಅದು ಅಲ್ಲಿಯ ನಿಯಮ. ನಾನು ಗೇಟಿನಲ್ಲಿ ನಿಂತು ಆ ಹದಿನೈದು ನಿಮಿಷ ಕಳೆದೆ. ಅಳುತ್ತಿದ್ದೆ, ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ, ಯಾರನ್ನು ಎಂದು ನನಗೇ ಗೊತ್ತಿರಲಿಲ್ಲ.

ಗುಂಡ ಹಲ್ಲು ಕಟಕಟ ಎನ್ನುತ್ತಿದ್ದರೂ ಅಲ್ಲಿಂದಲೇ ಕೂಗಿದ. “ಅಕ್ಕಾ, ಬೇರೆಯವರಿಗೆ ಹೇಳಿದ್ಯಾ?”

ನನಗೆ ಮೊದಲು ಅರ್ಥವಾಗಲಿಲ್ಲ.

“ಅದನ್ನ ಓದಿರೋನು ನಾನೊಬ್ನೇನಾ? ಅವರಿಗೆಲ್ಲ ಹೇಳಿದ್ಯಾ?”

ನನ್ನ ಫೋನು ಹೊಡೆದುಕೊಳ್ಳುತ್ತಿತ್ತು. ಮಾರಾಟದ ಸಾಹೇಬರು, ನಾಲ್ಕನೆಯ ಸಲ. ಕತ್ತರಿಸಿದೆ. ಮತ್ತೆ ಬಂತು, ಮತ್ತೆ ಕತ್ತರಿಸಿದೆ. ಮೀಟರ್ ಮಾವ ಅಂಗಿಯ ಜೇಬಿನಿಂದ ಎಣ್ಣೆ ಹಿಡಿದ ಪುಟ್ಟ ಪುಸ್ತಕ ತೆಗೆದರು. ಯಾವ ಪಂಪು ಯಾವ ದಿನ ಯಾರಿಗೆ ಹೋಯಿತು, ಅಲ್ಲಿ ಅದನ್ನು ಇಳಿಸಿಕೊಂಡವರು ಯಾರು, ಅವರ ಫೋನ್ ಸಂಖ್ಯೆ, ಎಲ್ಲ ಅವರ ಗುಂಡಗಿನ ಅಕ್ಷರದಲ್ಲಿ. ಹೊಸ ಪಂಪು ಹತ್ತೊಂಬತ್ತು ಕಡೆಗೆ ಹೋಗಿತ್ತು. “ನಾನು ಹೇಳ್ತಾ ಹೋಗ್ತೀನಿ, ನೀನು ಮಾಡ್ತಾ ಹೋಗು” ಎಂದರು. ಬೆರಳಿಟ್ಟು ಮೊದಲ ಸಂಖ್ಯೆ ಓದಿದರು.

ಮೊದಲನೆಯವರು ಎತ್ತಲಿಲ್ಲ. ಎರಡನೆಯದು ಬ್ಯುಸಿ. ಮೂರನೆಯದು ಹೊಡೆದುಕೊಂಡಿತು, ಹೊಡೆದುಕೊಂಡಿತು. ಒಂದೊಂದು ಸಲ ಹೊಡೆದುಕೊಂಡಾಗಲೂ ಅಲ್ಲಿ ಯಾರೋ ಒಬ್ಬ ವಾಲ್ವಿನ ಮೇಲೆ ಕೈ ಇಡುತ್ತಿದ್ದ ಹಾಗೆ ನನಗೆ ಕಾಣುತ್ತಿತ್ತು. ಅವನ ಪಕ್ಕದ ಗೋಡೆಯಲ್ಲೂ ನನ್ನ ಪುಟ ಇರಬಹುದು. ಅವನಿಗೂ ಒಬ್ಬಳು ಅಕ್ಕ ಇರಬಹುದು, ಅವಳಿಗೆ ಇದೇನೂ ಗೊತ್ತಿಲ್ಲ, ಈಗ ಎಲ್ಲೋ ಬಟ್ಟೆ ಮಡಿಸುತ್ತಿರಬಹುದು.

ಕೊನೆಗೆ ಒಬ್ಬ ಗಂಡಸು ಎತ್ತಿದ. ಹಿಂದೆ ಯಂತ್ರದ ಸದ್ದು ಜೋರಾಗಿತ್ತು. ನಾನು ನಮ್ಮ ಪಂಪಿನ ಹೆಸರು ಹೇಳಿ, ಅದನ್ನು ಈಗಲೇ ನಿಲ್ಲಿಸಿ, ಖಾಲಿ ಓಡಿಸಿದ್ದರೆ ವಾಲ್ವು ತೆಗೆಯಬೇಡಿ ಎಂದೆ.

“ಅರ್ಧ ಗಂಟೆ ಓಡಿಸಬಹುದು ಅಂತ ಕಂಪನಿಯವರೇ ಬರೆದು ಕಳಿಸಿದಾರಲ್ರೀ” ಎಂದ. “ನೀವು ಯಾರು ಹೇಳೋಕೆ? ಕಂಪನಿ ಕಡೆಯಿಂದ ಮಾತಾಡ್ತಿದೀರಾ?”

ಷವರಿನಿಂದ ಇನ್ನೂ ನೀರು ಸುರಿಯುತ್ತಿತ್ತು. ನನ್ನ ತಮ್ಮ ಕೈ ಎತ್ತಿಕೊಂಡು ನನ್ನನ್ನೇ ನೋಡುತ್ತಿದ್ದ.

“ಅಲ್ಲ. ಅದನ್ನ ಬರೆದೋಳು ನಾನು. ತಪ್ಪು ಬರೆದಿದೀನಿ. ನಿಲ್ಲಿಸಿ” ಎಂದೆ.